ಬದನೇಕಾಯಿ ಬಣ್ಣದ ಸ್ವೆಟರು

ಏನದು ವಾಸನೆ, ಮಳೆಯಲ್ಲಿ ನೆನೆದ ಕುರಿಯದ್ದು, ಆದರೆ ಮಳೆಯಿಲ್ಲ, ಧನುರ್ಮಾಸದ ಬಿಸಿಲು ಈಗಷ್ಟೇ ಜಗುಲಿಯ ಅಂಚಿಗೆ ಬಂದಿದೆ, ಈ ಬೀದಿಯಲ್ಲಿ ಕುರಿ ಸಾಕುವವರೂ ಇಲ್ಲ, ಇದ್ದರೂ ಇಷ್ಟು ಹೊತ್ತಿಗೆ ಕೆರೆ ಕಡೆ ಹೊಡೆದುಕೊಂಡು ಹೋಗಿರುತ್ತಾರೆ, ಮತ್ತೆ ಬಂತು, ಹಿತ್ತಲ ಕಡೆಯಿಂದ, ಸೌದೆ ಹೊಗೆಯ ಜೊತೆ ಸೇರಿಕೊಂಡು — ಅಯ್ಯೋ, ಉಣ್ಣೆ, ಉಣ್ಣೆ ಬೇಯುತ್ತಿದೆ, ನಾನು ಹೆಣೆದ ಸ್ವೆಟರನ್ನು ಹೆಂಡತಿ ಭಾಗ್ಯ ಒಲೆಯ ಮೇಲಿಟ್ಟು ಕುದಿಸುತ್ತಿದ್ದಾಳೆ. ನಿನ್ನೆ ಸಂಜೆ ತಾನೇ ಮಗಳಿಗೆ ಅಂತ ಕೊಟ್ಟದ್ದು, ಕೊಟ್ಟದ್ದು ಅಂದರೆ ಕೈಗೆ ಕೊಡಲಿಲ್ಲ, ಹೊಸ್ತಿಲ ಮೇಲಿಟ್ಟು ಹಿಂದೆ ಸರಿದೆ, ಕ್ಷಯದ ಆಸ್ಪತ್ರೆಯಿಂದ ಬಂದ ಮೇಲೆ ಈ ಮನೆಯಲ್ಲಿ ನಾನು ಯಾರ ಕೈಗೂ ಏನನ್ನೂ ಕೊಡುವುದಿಲ್ಲ, ನನ್ನ ತಟ್ಟೆ ಬೇರೆ, ಲೋಟ ಬೇರೆ, ಮಲಗುವುದು ಜಗುಲಿಗೆ ಅಂಟಿದ ಕೋಣೆಯಲ್ಲಿ, ನಾನು ಮುಟ್ಟಿದ್ದೆಲ್ಲ ಒಂದು ಕುದಿ ಕಂಡ ಮೇಲೇ ಒಳಗೆ ಹೋಗಬೇಕು. ಡಾಕ್ಟರು ಹೇಳಿ ಕಳಿಸಿದ್ದಾರೆ, ಸಂಜೀವಪ್ಪ, ನಿಮ್ಮ ಕಫದಲ್ಲಿ ಏನೂ ಇಲ್ಲ, ಗುಣವಾಗಿದೆ, ಮನೆಗೆ ಹೋಗಿ ಮಗು ಜೊತೆ ಇರಿ, ಅದನ್ನೇ ನಾನು ಅವ್ವನಿಗೆ ಹೇಳಿದರೆ ಅವ್ವ, ಡಾಕ್ಟ್ರು ಹೇಳ್ತಾರೆ ಕಣಪ್ಪ, ಅವ್ರ್ ಮಗೂನ ತಂದು ಇಲ್ಲಿ ಮಲಗಿಸ್ತಾರಾ, ಅಂದುಬಿಟ್ಟಳು. ಎದ್ದು ಹೋಗಬೇಕು, ಕೂಗಬೇಕು, ಭಾಗ್ಯಾ, ತೆಗಿಯೇ ಅದನ್ನ, ಉಣ್ಣೆ ಕುದಿನೀರಿಗೆ ಬಿದ್ರೆ ಮುದುರ್ಕೊಂಡ್ಬಿಡ್ತದೆ — ಕೂಗಿದರೆ ಏನಾಗುತ್ತದೆ, ಅವ್ವ ಒಳಗಿನಿಂದಲೇ, ಕುದಿಸ್ಬೇಡ ಅಂದ್ರೆ ಹಾಕೋದೂ ಬೇಡ, ನಾನೂ ಅದನ್ನೇ ಹೇಳಿದ್ದು, ಅನ್ನುತ್ತಾಳೆ. ಕುದಿಸಿದರೆ ಸ್ವೆಟರು ಉಳಿಯುವುದಿಲ್ಲ, ಕುದಿಸದಿದ್ದರೆ ಅದು ನನ್ನ ರುಕ್ಮಿಣಿಯ ಮೈಗೆ ಬರುವುದಿಲ್ಲ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಉಣ್ಣೆ ಮುದುರಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು, ಕಣ್ಣಾರೆ ಕಂಡದ್ದು, ವಾರ್ಡಿನಲ್ಲಿ ಪಕ್ಕದ ಮಂಚದ ಬೈರಣ್ಣನ ಮಫ್ಲರು ಯಾರದೋ ಅವಸರಕ್ಕೆ ಹೊದಿಕೆಗಳ ಜೊತೆ ಕುದಿನೀರಿಗೆ ಹೋಗಿ ವಾಪಸ್ಸು ಬಂದಾಗ ಸೊಂಟದ ಪಟ್ಟಿಯಾಗಿತ್ತು, ಹೊಸಕೋಟೆಯ ಲಾರಿ ಡ್ರೈವರು ಬೈರಣ್ಣ, ಕಾಗೆ ಕೂರುವಷ್ಟು ದಪ್ಪ ಮೀಸೆ, ಆ ಮೀಸೆಯ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಹೆಣೆಯುವ ಎರಡು ಕಡ್ಡಿ ಹಿಡಿದು ಕೂರುತ್ತಿದ್ದ, ನಗು ಬಂದಾಗೆಲ್ಲ ಬಾಯಿ ಮೇಲಿನ ಬಟ್ಟೆ ಒಳಗೆ ಹೋಗುವುದು, ಹೊರಗೆ ಬರುವುದು, ನಗು ಕೆಮ್ಮಾಗುವುದು, ನರ್ಸಮ್ಮ ಓಡಿ ಬರುವುದು. ಚೀನಾ ಯುದ್ಧದಲ್ಲಿ ಸಿಪಾಯಿಗಳಿಗೆ ಅಂತ ನರ್ಸುಗಳು ಹೆಣೆಯುತ್ತಿದ್ದರಂತೆ, ಮಿಕ್ಕ ಕಡ್ಡಿ, ಉಂಡೆ ವಾರ್ಡಿನಲ್ಲೇ ಉಳಿದಿದ್ದವು, ಬೈರಣ್ಣನೇ ನನ್ನ ಕೈಗೆ ತುರುಕಿದ್ದು, ಹಿಡ್ಕೊಳ್ಳೋ ಗುಮಾಸ್ತ, ಸೂರು ನೋಡ್ಕೊಂಡು ಮಲಗಿದ್ರೆ ಸೂರೇ ಎದೆ ಮೇಲೆ ಬಂದ್ ಕೂತ್ಕೊಳ್ತದೆ. ಸೊಸೈಟಿಯಲ್ಲಿ ಗೊಬ್ಬರದ ಚೀಟಿ ಬರೆಯುತ್ತಿದ್ದ ಕೈ ಇದು, ಹೆಂಗಸರ ಕೆಲಸ ಅಂತ ನಾಚಿಕೆ, ಆದರೂ ನನಗೇ ಅಂತ ಒಂದು ಮಫ್ಲರು ಶುರು ಮಾಡಿದೆ, ನಾಲ್ಕು ಬೆರಳಗಲದಲ್ಲಿ ಶುರುವಾದದ್ದು ತುದಿಗೆ ಬರುವ ಹೊತ್ತಿಗೆ ಗೇಣಗಲವಾಗಿ ಕೂತಿತ್ತು, ಎಲ್ಲಿ ಹೆಚ್ಚಿತು ಅಂತ ಹುಡುಕಿದರೆ ಸಿಗಲಿಲ್ಲ, ಬೈರಣ್ಣ ಹೇಳಿದ, ತಪ್ಪು ಆದ ಜಾಗದಲ್ಲಿ ಕಾಣ್ಸಲ್ಲ ಕಣೋ, ಹತ್ತು ಸಾಲು ಆದ್ಮೇಲೆ ಕಾಣಿಸ್ತದೆ, ಬಿಚ್ಚು. ಬಿಚ್ಚಿದೆ, ಮತ್ತೆ ಹೆಣೆದೆ, ಅವ್ವನ ಕಾಗದ ಬಂದ ದಿನದ ಸಾಲುಗಳು ಕಡ್ಡಿಯಿಂದ ಜರುಗದಷ್ಟು ಬಿಗಿಯಾಗಿದ್ದವು, ಮಗಳು ಕನಸಿಗೆ ಬಂದ ಮಾರನೆಯ ದಿನದವು ಸಡಿಲ, ಆಗಲೇ ಅರ್ಥವಾದದ್ದು, ಮನಸ್ಸಿನಲ್ಲಿ ಇದ್ದದ್ದನ್ನು ಬೆರಳು ಮುಚ್ಚಿಡುವುದಿಲ್ಲ.

ಕೋಲು ಪಾತ್ರೆಗೆ ತಾಗುವ ಸದ್ದು, ಮಗುಚುತ್ತಿದ್ದಾಳೆ, ಇನ್ನೂ ತಡವಾಗಿಲ್ಲ ಅನಿಸುತ್ತದೆ, ಎದ್ದೆ, ಹೊಸ್ತಿಲ ತನಕ ಹೋದೆ, ಮತ್ತೆ ಬಂದು ಕೂತೆ, ಎದುರು ಮನೆ ಗಂಗಣ್ಣ ಹಲ್ಲುಜ್ಜುತ್ತ ನೋಡುತ್ತಾನೆ, ಏನಪ್ಪಾ ಸಂಜೀವಪ್ಪ, ಬೆಳಬೆಳಿಗ್ಗೇನೇ ಶತಪಥ ಹಾಕ್ತಿದ್ದೀಯಾ, ಕಡ್ಡಿ ಎಲ್ಲಿ ಕಾಣ್ಸಲ್ಲ, ಬಾಣಂತಿ ಕುಲಾವಿ ಮುಗೀತಾ. ಅವನ ಹಾಸ್ಯಕ್ಕೆ ಬೆಂಕಿ ಬೀಳಲಿ, ಕುಲಾವಿ ಹೆಣೆದದ್ದು ಅವ್ವನಿಗೆ, ಅವ್ವ ಅದನ್ನು ಬಿಸಿಲಿಗೆ ಹಾಕಿ, ಬೂದಿ ನೀರು ಚಿಮುಕಿಸಿ, ಕೊನೆಗೆ ಹಟ್ಟಿ ಬಾಗಿಲ ಗೂಟಕ್ಕೆ ನೇತುಹಾಕಿದಳು, ತಲೆ ಕಡೀತದೆ ಕಣಪ್ಪ ಅಂತ, ಅವ್ವನದು ಬಿಡು, ನನಗೆ ಅವ್ವನ ತಲೆ ಬೇಡ, ನನಗೆ ನನ್ನ ಮಗಳು ಬೇಕು. ನಾನು ಹೋಗುವಾಗ ಕಂಕುಳಲ್ಲಿದ್ದವಳು, ಬರುವಾಗ ಸ್ಲೇಟು ಹಿಡಿದು ನಿಂತಿದ್ದಳು, ಬಾಗಿಲ ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿದಳು, ಬಂದ ದಿನದಿಂದ ನಾನು ಅವಳನ್ನು ಒಂದು ಸಲವೂ ಮುಟ್ಟಿಲ್ಲ. ಸ್ವೆಟರಿಗೆ ಅಳತೆ ಬೇಕಲ್ಲ, ಕರೆದು ಎದೆಗೆ ದಾರ ಹಿಡಿಯಲು ನನ್ನಿಂದಾಗಲಿಲ್ಲ, ಹಿತ್ತಲಲ್ಲಿ ಒಣಹಾಕಿದ್ದ ಅವಳ ಲಂಗದ ರವಿಕೆಯನ್ನು ಯಾರೂ ಇಲ್ಲದಾಗ ಗೇಣು ಹಾಕಿ ಅಳೆದೆ, ಕಳ್ಳನ ಹಾಗೆ, ಬೆಳೆಯುವ ಹುಡುಗಿ ಅಂತ ಒಂದಿಷ್ಟು ದೊಗಲೆ ಬಿಟ್ಟೆ, ಬದನೇಕಾಯಿ ಬಣ್ಣ ಅವಳೇ ಕೇಳಿದ್ದು, ದೂರದಿಂದ. ಬಾಯಿಗೆ ಟವಲು ಕಟ್ಟಿಕೊಂಡೇ ಪೂರ್ತಿ ಹೆಣೆದೆ, ಕಿಟಕಿಯ ಗಾಜಿನಲ್ಲಿ ನನ್ನದೇ ಟವಲು ಒಳಗೆ ಹೋಗುವುದು, ಹೊರಗೆ ಬರುವುದು ಕಾಣುತ್ತಿತ್ತು, ಮುಗಿದ ಮೇಲೆ ಬಿಸಿಲಿಗೆ ಹಾಕಿದೆ, ತಿರುಗಿಸಿ ಮತ್ತೆ ಹಾಕಿದೆ — ಯಾಕೆ ಹಾಕಿದೆ, ಡಾಕ್ಟರನ್ನು ನಂಬಿದವನಾದರೆ ಯಾಕೆ ಹಾಕಿದೆ, ಅವ್ವನ ಮೇಲೆ ಹೇಳುತ್ತೇನೆ, ನನ್ನೊಳಗೂ ಒಬ್ಬಳು ಅವ್ವ, ಒಬ್ಬಳು ಮುನಿತಾಯಮ್ಮ ಕೂತಿದ್ದಾಳೆ, ಕುದಿಸು ಕುದಿಸು ಅನ್ನುತ್ತಾಳೆ. ಭಾಗ್ಯನದೂ ತಪ್ಪಲ್ಲ, ನಿನ್ನೆ ಸ್ವೆಟರು ಎತ್ತಿಕೊಂಡು ತೋಳು ಎಳೆದು ನೋಡಿದಳಲ್ಲ, ಅಂಚನ್ನು ಬೆರಳಲ್ಲಿ ಸವರಿದಳಲ್ಲ, ಮಗುವಿಗೆ ತೊಡಿಸುವ ಆಸೆಯಿಲ್ಲದವಳು ಒಲೆ ಹಚ್ಚುವುದಿಲ್ಲ, ಬೀದಿಗೆ ಎಸೆಯುತ್ತಾಳೆ, ಅದಕ್ಕೇ ಕೂಗಲಾರೆ, ಅದಕ್ಕೇ ಕೂರಲೂ ಆರೆ.

ತಣ್ಣೀರು ಸುರಿದ ಸದ್ದು, ಮುಗೀತು, ಕುದಿದದ್ದಕ್ಕೆ ತಣ್ಣೀರು, ಇನ್ನೂ ಕೆಡುತ್ತದೆ, ಈಗ ಒಗೆಯುವ ಕಲ್ಲಿನ ಮೇಲೆ ಬಡಿಯುತ್ತಿದ್ದಾಳೆ, ಪಂಚೆ ಬಡಿದ ಹಾಗೆ, ನಿನ್ನೆ ಹೇಳಬೇಕಿತ್ತು, ಇದು ಹತ್ತಿಯಲ್ಲ ಕಣೇ, ತಣ್ಣೀರಲ್ಲಿ ಅದ್ದಿ ಹಿಂಡದೆ ನೆರಳಲ್ಲಿ ಹರಡು ಅಂತ ಎರಡು ಮಾತು, ಅಟ್ಟ ಮೇಲೆ ಒಲೆ ಉರಿಯಿತು. ಬಡಿತ ನಿಂತಿತು. ಆಮೇಲೆ ಭಾಗ್ಯನ ದನಿ, ಅಯ್ಯೋ ಇದೇನಾಯ್ತು, ಅತ್ತೇ, ಇದೇನ್ ಹಿಂಗಾಗೋಯ್ತು ನೋಡ್ಬನ್ನಿ, ಅದರ ಹಿಂದೆಯೇ ರುಕ್ಮಿಣಿ, ಕೊಡಮ್ಮ ನಂದು ಅದು, ಆಗಲ್ಲ ಕಣೇ ನಿಂಗೆ, ಒದ್ದೆ ಬೇರೆ, ಆಗ್ತದೆ, ಅಪ್ಪ ದೊಡ್ಡುದ್ ಮಾಡೈತೆ, ಕೊಡು, ಎಳೆದಾಟ, ಕೊಡಪಾನ ಉರುಳಿದ್ದು, ನಡುಮನೆಯಲ್ಲಿ ಪುಟ್ಟ ಕಾಲಿನ ಓಟ, ಬಾಗಿಲಿಗೆ ಢಿಕ್ಕಿ — ಬಂದು ನಿಂತಿದ್ದಾಳೆ, ಮುಖವಿಲ್ಲ, ಮುಖವಿರಬೇಕಾದ ಜಾಗದಲ್ಲಿ ಬದನೇಕಾಯಿ ಬಣ್ಣದ ಒದ್ದೆ ಉಣ್ಣೆ, ಎರಡು ಕೈಯೂ ಮೇಲಕ್ಕೆ ಎದ್ದು ತೋಳುಗಳಲ್ಲಿ ಸಿಕ್ಕಿಕೊಂಡಿವೆ, ಕುತ್ತಿಗೆ ಕಿಂಡಿಯಲ್ಲಿ ತಲೆ ತೂರುತ್ತಿಲ್ಲ, ನೀರು ತೊಟ್ಟಿಕ್ಕುತ್ತಿದೆ. ಅಪ್ಪಾ, ಸಿಕ್ಕೊಂಡ್ಬಿಟ್ಟೆ, ನೀನೇ ಮಾಡಿದ್ದಲ್ವಾ, ಎಳಿ. ಹಿಂದಿನಿಂದ ಅವ್ವ, ಮುಟ್ಬೇಡ್ವೋ ಸಂಜೀವ, ಮಖದತ್ರ ಹೋಗ್ಬೇಡ್ವೋ, ನಾನ್ ಬಂದೆ ತಡಿ, ಬರಲಾರಳು, ಮಂಡಿ ನೋವು, ಗೋಡೆ ಹಿಡಿದಿದ್ದಾಳೆ. ಅವ್ವನ ಪಕ್ಕದಲ್ಲಿ ಭಾಗ್ಯ, ಎರಡು ಹೆಜ್ಜೆಗೆ ಮಗು ಸಿಗುತ್ತದೆ, ಬರುತ್ತಿಲ್ಲ, ಒದ್ದೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತು ನನ್ನನ್ನೇ ನೋಡುತ್ತಾಳೆ, ಏನ್ರೀ ನೋಡ್ತಾ ನಿಂತಿದ್ದೀರಿ, ಅಪ್ಪಾ ಅಂತಾ ಇಲ್ವಾ ಅವ್ಳು, ಎಳೀರಿ.

ನನ್ನ ಕೈಗಳು ಅವಳ ತಲೆಯ ಎರಡು ಪಕ್ಕ, ಯಾವಾಗ ಹೋದವು, ಉಣ್ಣೆ ತಣ್ಣಗಿದೆ, ಅದರ ಕೆಳಗೆ ಕಿವಿಗಳು, ಬಿಸಿ, ಇಷ್ಟು ಚಿಕ್ಕವೇ, ಟವಲು, ಟವಲು ಎಲ್ಲಿ, ಬಾಯಿಗೆ ಕಟ್ಟಿಲ್ಲ ನಾನು, ಉಸಿರು ಹಿಡಿಯಬೇಕು, ಹಿಡಿದಿದ್ದೇನೆ, ಎಳೆಯುತ್ತಿದ್ದೇನೆ, ಜರುಗುತ್ತಿಲ್ಲ, ಅಪ್ಪಾ ಮೆತ್ತಗೆ, ಒಳಗಿನಿಂದ ನಗುತ್ತಿದ್ದಾಳೆ, ಮೆತ್ತಗೇ ಮಗಳೇ ಅನ್ನಬೇಕು, ಅಂದರೆ ಉಸಿರು ಹೋಗುತ್ತದೆ, ಎದೆ ಉರಿಯುತ್ತಿದೆ, ನನ್ನ ಮೂಗಿನ ಮುಂದೆಯೇ ಅವಳ ಬಾಯಿರುವ ಜಾಗ, ಅಲ್ಲಿ ಒದ್ದೆ ಉಣ್ಣೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಒಳಗೆ