ಒದ್ದೆ ಗೂಡಿನ ತೂಕ

ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು, ಮೂವತ್ತಾರು ಕಿಲೋ, ನಾಲ್ಕು ಜಾಸ್ತಿ ಕಣಮ್ಮ ಅಂತ ಮಗ ಚನ್ನಕೇಶವ ಹಲ್ಲು ಬಿಟ್ಟ, ರೇಷ್ಮೆಗೂಡು ತೂಗುವ ತಟ್ಟೆಯಲ್ಲಿ ಕಾಲು ಮಡಚಿ ಕೂತ ಅಕ್ಕಯ್ಯಮ್ಮನ ಭುಜಕ್ಕೆ ಸರಪಳಿ ತಣ್ಣಗೆ ತಾಗುತ್ತಿದೆ, ಐವತ್ತು ವರ್ಷ ಇದೇ ತಟ್ಟೆಗೆ ಗೂಡು ಸುರಿದವಳು, ಈಗ ಗೂಡಿನ ಬದಲು ತಾನೇ ಕೂತಿದ್ದಾಳೆ, ಇದೊಂದು ಬಾಕಿಯಿತ್ತು — ಅಜ್ಜಿ ಮೈಯಲ್ಲಿ ಮಾಂಸವೇ ಇಲ್ಲ, ಮೂವತ್ತೆರಡು ಕಿಲೋ, ಇನ್ನೂ ಇಳಿದರೆ ತಡಮಾಡದೆ ಕರಕೊಂಡು ಬನ್ನಿ, ಏರಿದರೆ ಭಯವಿಲ್ಲ ಅಂದಿದ್ದರು ಹೋದ ತಿಂಗಳು ಚಿಕ್ಕಬಳ್ಳಾಪುರದ ಡಾಕ್ಟರು, ಭಯವಿಲ್ಲ ಅನ್ನುವುದೊಂದೇ ಮಗನ ಕಿವಿಗೆ ಬಿದ್ದದ್ದು. ನಾಳೆ ಆಸ್ಪತ್ರೆಗೆ ಬಸ್ಸು ಬ್ಯಾಡ ಬಿಡು, ಹುಳ ನಾಲ್ಕನೇ ಜ್ವರದಿಂದ ಎದ್ದವೆ, ಸೊಪ್ಪು ಕುಯ್ಯೋರ್ಯಾರು, ಅಂತ ಅವನು ಹೆಂಡತಿಗೆ ಹೇಳುತ್ತಿದ್ದಾನೆ. ಹುಳ ಪೊರೆ ಬಿಡುವುದಕ್ಕೂ ಜ್ವರವೆಂದೇ ಹೆಸರು, ನಾಲ್ಕು ಸಲ ಬಿದ್ದು ನಾಲ್ಕು ಸಲ ಎದ್ದು ಬೆರಳಿನಷ್ಟು ದಪ್ಪವಾಗುತ್ತವೆ, ಮನುಷ್ಯರ ಜ್ವರ ಹಾಗಲ್ಲ, ಹೋಗುವಾಗ ಒಂದಷ್ಟು ಮೈ ತಿಂದುಕೊಂಡೇ ಹೋಗುತ್ತದೆ — ಹುಳಕ್ಕೆ ಸೊಪ್ಪು ಹಾಕಿ ಆಮ್ಯಾಲೆ ಉಣ್ಣೇ ಅಂದಿದ್ದಳು ಅತ್ತೆ, ಅಕ್ಕಯ್ಯಮ್ಮ ಮದುವೆಯಾಗಿ ಬಂದ ವರ್ಷ, ಹುಳ ಉಂಡವು, ಗಂಡಸರು ಉಂಡರು, ಮಕ್ಕಳು ಉಂಡವು, ಇವಳಿಗೆ ತಳ ಹತ್ತಿದ ಮುದ್ದೆ, ಬಳ್ಳಿ ಹಂಗವ್ಳೆ ಅಂತ ಜಂಗಮಕೋಟೆಯೆಲ್ಲ ಹೊಗಳಿತು, ಹೊಗಳಿಕೆಯನ್ನು ನಂಚಿಕೊಂಡು ತಿನ್ನಲಾಗುತ್ತದೆಯೇ. ಓರಗಿತ್ತಿ ಅಶ್ವತ್ಥಮ್ಮ ಬೆಲ್ಲ, ಕಡಲೆಕಾಯಿ ಮಡಿಲಲ್ಲಿಟ್ಟುಕೊಂಡು ಕದ್ದು ತಿನ್ನುತ್ತಿದ್ದಳು, ಅತ್ತೆಗೆ ಚಾಡಿ ಹೇಳಿದ್ದು ಅಕ್ಕಯ್ಯಮ್ಮನೇ, ಮೂಟೆ, ಮೊದ್ಲು ಹೋಗೋಳು ನೀನೇ ಕಣೇ ಅಂತ ಆಡಿಕೊಂಡಿದ್ದೂ ಇವಳೇ. ಹೋದ ವರ್ಷ ಅವಳಿಗೆ ವಿಷಮಶೀತ ಜ್ವರ, ನಲವತ್ತು ದಿನ ಬರೀ ಗಂಜಿತಿಳಿ, ಅರ್ಧಕ್ಕರ್ಧ ಕರಗಿಹೋದಳು, ಕರಗಲಿಕ್ಕೆ ಮೈಯಲ್ಲಿ ಮಾಂಸವಿತ್ತು, ಅದಕ್ಕೇ ಎದ್ದಳು, ಈಗ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಕದ್ದು ತಿಂದವಳು ಬದುಕಿದಳು, ಮರ್ಯಾದಸ್ತೆ ತಟ್ಟೆಯಲ್ಲಿ ಕೂತಿದ್ದಾಳೆ.

ಮತ್ತೆ ಈ ನಾಲ್ಕು ಕಿಲೋ ಎಲ್ಲಿಂದ ಬಂತು, ಗಂಟಲಲ್ಲಿಳಿದದ್ದು ದಿನಕ್ಕೆ ಎರಡು ತುತ್ತು, ಗಂಡ ಊರವರ ಗೂಡು ಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಿದ್ದಾಗ, ಗೂಡು ಮಾರಲು ಬರುವ ಎರ್ರಪ್ಪ ತೂಕ ಹೆಚ್ಚಲೆಂದು ನೀರು ಚಿಮುಕಿಸಿಕೊಂಡು ತರುತ್ತಿದ್ದ, ಇವಳು ಮಂಕರಿ ಬುಟ್ಟಿಗೆ ಕೈ ಹಾಕಿದ ಕೂಡಲೇ ಹಿಡಿಯುತ್ತಿದ್ದಳು, ಏನಪ್ಪಾ ಎರ್ರಪ್ಪ, ಗೂಡು ತಂದಿದ್ದೀಯೋ ಕೆರೆ ತಂದಿದ್ದೀಯೋ, ಒದ್ದೆ ತೂಕ ತೂಕವಲ್ಲ, ಅಂಥ ಗೂಡು ನೋಡುವುದಕ್ಕೆ ದುಂಡಗೆ, ಒಳಗೆ ನೂಲಿಲ್ಲ — ತಟ್ಟೆಯಿಂದ ಇಳಿದು ಮೊಣಕಾಲ ಕೆಳಗೆ ಹೆಬ್ಬೆರಳಿಟ್ಟು ಒತ್ತಿದಳು, ಬೆರಳು ಹೂತುಕೊಂಡಿತು, ತೆಗೆದರೂ ಗುಳಿ ಹಾಗೇ ಉಳಿಯಿತು. ಕೇಶವಾ, ಇದು ನೀರು ಕಣಪ್ಪಾ, ಮಾಂಸ ಅಲ್ಲ, ನಾಳೆ ಕರ್ಕೊಂಡೋಗು, ನಂಗಿನ್ನೂ ಬದುಕೋ ಆಸೆ ಐತೆ, ಅಂದೇ ಬಿಟ್ಟಳು, ಎಪ್ಪತ್ತು ದಾಟಿದವಳು ಬಾಯಿಬಿಟ್ಟು ಹೇಳುವ ಮಾತೇನು ಇದು, ನಾಚಿಕೆಯಾಯಿತು, ಆದರೂ ನಿಜ, ನಿಜವಾಗಿ ಆಸೆ. ಸುಮ್ನಿರಮ್ಮ, ತಕ್ಕಡಿ ಸುಳ್ಳು ಹೇಳ್ತದಾ, ಅಂದ, ಒದ್ದೆ ಗೂಡನ್ನು ಮಾರು ದೂರದಿಂದ ಗುರುತಿಸುವ ಮಗ. ಸೊಸೆ ರಾಮಲಕ್ಷ್ಮಮ್ಮ ಬಗ್ಗಿ ನೋಡಿದಳು, ಅಯ್ಯೋ ಅತ್ತೆ, ಮೊದ್ಲು ಬರೀ ಮೂಳೆ, ಈಗ ಎಷ್ಟು ದುಂಡಗಾಗೈತೆ ಕಾಲು, ಯಾರ ಕಣ್ಣೂ ಬೀಳ್ದೇ ಇರ್ಲಿ ಅಂತ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದಳು, ತಲೆಯಿಂದ ಪಾದದವರೆಗೆ ಮೂರು ಸಲ ನಿವಾಳಿಸಿದಳು, ಪಾಪ, ಪ್ರೀತಿಯಿಂದಲೇ, ಅದೇ ಸಂಕಟ, ಬೈಯಲಿಕ್ಕೂ ಆಗುವುದಿಲ್ಲ, ಒಲೆಯಲ್ಲಿ ಉಪ್ಪು ಚಟಪಟ ಸಿಡಿಯುತ್ತಿದೆ, ನೋಡಿದ್ರಾ ಎಷ್ಟು ದೃಷ್ಟಿ ಆಗಿತ್ತು ಅನ್ನುತ್ತಾಳೆ ಸೊಸೆ, ಬಸ್ಸಿಲ್ಲ, ನಾಳೆ ಇಲ್ಲ, ಕಾಲ ಮೇಲೆ ಗುಳಿ, ಹೆಬ್ಬೆರಳಿನಷ್ಟು ಗುಳಿ, ತುಂಬುತ್ತದೆ, ಈಗ ತುಂಬುತ್ತದೆ, ಗುಳಿ —