ಬಲಮೂಲೆಯ ಹೆಸರು

ಬೋರ್ಡ್ ಮಾಸ್ಟರ್ 'ಇಲ್ಲಿ ಈಜಬಾರದು' ಎಂದು ಬರೆದು ಕೆರೆಯ ದಡದಲ್ಲಿ ನಿಲ್ಲಿಸಿದ ದಿನ ಮೀನುಗಳೆಲ್ಲ ನೀರು ಬಿಟ್ಟು ಸಾಲಾಗಿ ದಡ ಹತ್ತಿ ಕೂತಿದ್ದವು. ಮಾಸ್ಟರ್ ಪಾಪವೆನಿಸಿ, ಮತ್ತೆ ಏಣಿ ತಂದು, ಮೊದಲಿಗೆ 'ಮನುಷ್ಯರು' ಎಂದು ಸೇರಿಸಿದ ಮೇಲೆಯೇ ಅವು ನೀರಿಗಿಳಿದದ್ದು. ಅಂಥ ಕೈ. ಅವನು ಬರೆದ ಬಾಣದ ಗುರುತು ಕಂಡರೆ ಗಾಳಿಯೂ ದಾರಿ ಬದಲಿಸುತ್ತಿತ್ತು. ಪ್ರತಿ ಬೋರ್ಡಿನ ಬಲಮೂಲೆಯಲ್ಲಿ 'ಮಾಸ್ಟರ್' ಎಂಬ ಸಹಿ, ಅದರಡಿ ಬೆಕ್ಕಿನ ಬಾಲದಂತೆ ಸುರುಳಿ ಸುತ್ತಿದ ಗೆರೆ. ಬೋರ್ಡ್ ಬರೆಯುವವರ ಪದ್ಧತಿಯೇ ಅದು. ಸಹಿಯಿಲ್ಲದ ಬೋರ್ಡು ಹೆತ್ತವರಿಲ್ಲದ ಕೂಸು.

ಆದರೆ ಎರಡು ವರ್ಷದಿಂದ ಬೋರ್ಡುಗಳೆಲ್ಲ ಮಷೀನಿನ ಬಾಯಿಂದ ಚಾಪೆಯಂತೆ ಸುತ್ತಿಕೊಂಡು ಬರುತ್ತಿದ್ದವು. ಮಾಸ್ಟರನ ಬ್ರಷ್ಷುಗಳು ಡಬ್ಬದಲ್ಲೇ ಒಣಗಿ ಪೊರಕೆಕಡ್ಡಿಯಾಗಿದ್ದವು.

ಮಗಳು ಚುಕ್ಕಿ ಹತ್ತನೇ ಕ್ಲಾಸು. ಸರ್ಕಾರ ಹೈಸ್ಕೂಲ್ ಮಕ್ಕಳಿಗೆ ಚಿತ್ರಸ್ಪರ್ಧೆ ಇಟ್ಟಿತ್ತು. ಮೊದಲ ಮೂವರಿಗೆ ಚಿತ್ರಕಲಾ ಶಾಲೆಯಲ್ಲಿ ಫೀಸಿಲ್ಲದ ಸೀಟು. ಅದು ತಪ್ಪಿದರೆ ಚಿಕ್ಕಮ್ಮನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವುದು. ಚಿಕ್ಕಮ್ಮ ಆಗಲೇ ಅವಳಿಗೆಂದು ಒಂದು ಸ್ಟೂಲು ಹಾಕಿಟ್ಟು ಕಾಯುತ್ತಿದ್ದಳು. ಆ ಸ್ಟೂಲು ಚುಕ್ಕಿಯ ಕನಸಿನಲ್ಲಿ ನಾಲ್ಕು ಕಾಲಲ್ಲೂ ಓಡಿ ಬರುತ್ತಿತ್ತು.

ನಾಲ್ಕು ತಿಂಗಳು ಕೂತು ಅವಳು ನೀರುಬಣ್ಣದಲ್ಲಿ ಅಪ್ಪನನ್ನು ಬರೆದಳು, ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದ ಹಾಗೆ. ಮೇಲೆ ಅರ್ಧ ಮುಗಿದ ಬೋರ್ಡು, ಮೆಟ್ಟಿಲ ಮೇಲೆ ಒಡೆದ ಎರಡು ಹಿಮ್ಮಡಿ. ಮುಖವಿಲ್ಲ.

"ಇವನು ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗತ್ತೆ?" ಎಂದ ಮಾಸ್ಟರ್.

"ಗೊತ್ತಾಗಲೇಬಾರದು ಅಪ್ಪ. ಏಳನೇ ನಿಯಮ. ಚಿತ್ರದ ಮೇಲೆ ಹೆಸರು, ಸಹಿ ಏನೂ ಇರಬಾರದು. ಬೇರೆಯವರ ಕೈಯೂ ತಾಗಬಾರದು."

"ಹಾಗಾದ್ರೆ ಹಿಮ್ಮಡಿನಾದ್ರೂ ಸ್ವಲ್ಪ ತೊಳೆದು ಬರಿ."

ಕೊನೆಯ ದಿನ ಅರ್ಜಿಗೆ ಹೆಡ್‌ಮಾಸ್ಟರರ ಸೀಲು ಬೀಳುವ ಹೊತ್ತಿಗೆ ನಾಲ್ಕು ಗಂಟೆ. ಅಪ್ಪ ಮುಂಜಾನೆಯೇ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದ ಚಿತ್ರವನ್ನು ಎದೆಗೊತ್ತಿಕೊಂಡು ಚುಕ್ಕಿ ಓಡಿದಳು, ಹಿಂದೆ ಮಾಸ್ಟರ್. ಶಿಕ್ಷಣ ಕಚೇರಿಯ ಕಿಟಕಿ ಮುಚ್ಚಲು ಹತ್ತು ನಿಮಿಷ ಉಳಿದಿತ್ತು. ಒಳಗಿದ್ದ ಗುಮಾಸ್ತೆ ಬಟ್ಟೆ ಬಿಚ್ಚಿದಳು.

ಬಲಮೂಲೆಯಲ್ಲಿ ಬೇಳೆಕಾಳಿನಷ್ಟು ಸಣ್ಣದಾಗಿ 'ಮಾಸ್ಟರ್'. ಅಡಿಯಲ್ಲಿ ಬೆಕ್ಕಿನ ಬಾಲ. ಮಂಕು ನೀರುಬಣ್ಣದ ನಡುವೆ ಬೋರ್ಡಿನ ಆಯಿಲ್ ಪೇಂಟು ಊರಿಗೆಲ್ಲ ಕಾಣುವಂತೆ ಹೊಳೆಯುತ್ತಿತ್ತು.

ಚುಕ್ಕಿ ಕಿಟಕಿಯೊಳಗೆ ಕೈ ತೂರಿಸಿದಳು. ಉಗುರಿನಿಂದ ಕೆರೆದಳು, ಎಂಜಲು ಹಚ್ಚಿ ಉಜ್ಜಿದಳು. ಕಾಗದ ನವಿರೆದ್ದಿತೇ ಹೊರತು ಬಾಲದ ತುದಿಯೂ ಅಳಿಸಲಿಲ್ಲ.

"ಮೇಡಂ, ಒಂದು ಬೆರಳಗಲ ಕತ್ತರಿಸಿಬಿಡ್ಲಾ?"

"ಅಳತೆ ಕಮ್ಮಿ ಆದ್ರೂ ತಗೊಳ್ಳಲ್ಲಮ್ಮ." ಗುಮಾಸ್ತೆ ಗಡಿಯಾರ ನೋಡಿದಳು, ಹುಡುಗಿಯ ಮುಖವನ್ನೂ ನೋಡಿದಳು. "ಈ ಸಹಿ ನೀನೇ ಬರೆದಿದ್ದಾದ್ರೆ ಮೇಲೆ ಬಣ್ಣ ಹಚ್ಚಿ ಮುಚ್ಚಿ ಕೊಡು, ತಗೋತೀನಿ. ಬೇರೆಯವರ ಕೈ ಅಂದ್ರೆ ನಾನೇನೂ ಮಾಡಕ್ಕಾಗಲ್ಲ."

"ಅವಳೇ ಬರೆದಿದ್ದು," ಎಂದ ಮಾಸ್ಟರ್ ಮುಂದೆ ಬಂದು. "ನನಗಂತೂ ಬ್ರಷ್ ಹಿಡಿಯಕ್ಕೂ ಬರಲ್ಲ."

ಹುಟ್ಟಿದಾರಭ್ಯ ಹೇಳಿದ ಸುಳ್ಳುಗಳಲ್ಲಿ ಅವನು ತನ್ನನ್ನು ಕೆಳಗಿಳಿಸಿಕೊಂಡು ಹೇಳಿದ್ದು ಇದೊಂದೇ.

ಗುಮಾಸ್ತೆ ಅವನ ತಲೆಯ ಮೇಲಿಂದ ಆಚೆ ನೋಡಿದಳು. ಎದುರು ಗೋಡೆಯಲ್ಲಿ ಹತ್ತು ವರ್ಷದಿಂದ ಅವಳ ಕಣ್ಣಿಗೆ ದಿನಾ ಬೀಳುವ ಬೋರ್ಡು: 'ಸಾಲಿನಲ್ಲಿ ನಿಲ್ಲಿ'. ಬಲಮೂಲೆಯಲ್ಲಿ ಅದೇ ಮಾಸ್ಟರ್, ಅದೇ ಬಾಲ.

"ಅದನ್ನ ಬರೆದಾಗ ಮಗೂಗೆ ಎಷ್ಟು ವಯಸ್ಸು ಸ್ವಾಮಿ, ಐದಾ?"

ಮಾಸ್ಟರ್ ತಿರುಗಿ ನೋಡಿದ. ಅಷ್ಟು ಚೆಂದದ ಅಕ್ಷರವನ್ನು ಅವನು ಆವರೆಗೆ ಅಷ್ಟು ದ್ವೇಷಿಸಿರಲಿಲ್ಲ. ಗುಮಾಸ್ತೆ ಚಿತ್ರವನ್ನು ಮೆಲ್ಲಗೆ ಕಿಟಕಿಯಿಂದ ಹೊರಗೆ ತಳ್ಳಿದಳು. ಚುಕ್ಕಿ ಸರಳು ಹಿಡಿದು "ಮೇಡಂ, ಮೇಡಂ" ಎನ್ನುತ್ತಲೇ ಇದ್ದಳು, ಒಳಗಿನಿಂದ ಕಿಟಕಿಯ ಬಾಗಿಲು ಹಾಕಿಕೊಂಡ ಮೇಲೂ.

ಕಚೇರಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು.

"ಅಭ್ಯಾಸಕ್ಕೆ ಬರೆದುಬಿಟ್ಟೆಯಾ ಅಪ್ಪ?"

"ಕೈ ಕಣೇ ಇದು. ನಿದ್ದೆಯಲ್ಲೂ ಗೋಡೆಗೆ ಸಹಿ ಹಾಕತ್ತೆ. ಮೊನ್ನೆ ದಿಂಬಿನ ಮೇಲೂ..."

"ಬೆಳಿಗ್ಗೆ ನನ್ನ ಸಣ್ಣ ಬ್ರಷ್ಷು ಆಯಿಲ್ ಪೇಂಟ್ ತೊಳೆಯೋ ಟರ್ಪೆಂಟೈನ್ ವಾಸನೆ ಹೊಡೀತಿತ್ತು. ಅಭ್ಯಾಸದ ಕೈ ಬ್ರಷ್ ತೊಳೆದು ಇದ್ದ ಜಾಗದಲ್ಲೇ ಇಡತ್ತಾ?"

ಮಾಸ್ಟರ್ ತನ್ನ ಹಿಮ್ಮಡಿ ನೋಡಿಕೊಂಡ.

"ಗೊತ್ತಿದ್ದೇ ಬರೆದೆ. ಏಳನೇ ನಿಯಮಾನೂ ನೆನಪಿತ್ತು. ಅಷ್ಟು ಸಣ್ಣದು ಯಾರಿಗೆ ಕಾಣತ್ತೆ ಅಂದ್ಕೊಂಡೆ. ಆ ಕಾಲು ನನ್ನದು ಅಂತ ಒಬ್ಬರಿಗಾದ್ರೂ ತಿಳೀಲಿ ಅಂತ ಆಸೆ."

ಚುಕ್ಕಿ ಚಿತ್ರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು.

"ನಾನು ಹೇಳ್ತಿದ್ದ ಹಾಗೆ ಮೀನುಗಳೂ ದಡ ಹತ್ತಿರಲಿಲ್ಲ ಚುಕ್ಕಿ," ಎಂದ ಅವನು. "ಬೋರ್ಡು ನಿಲ್ಲಿಸಿದ ದಿನಾನೇ ಹುಡುಗರು ಈಜ್ತಿದ್ರು. ಒದ್ದೆ ಬಟ್ಟೇನ ಅದರ ಮೇಲೇ ಒಣಗಿ ಹಾಕಿದ್ರು."