ನಾಲೆಯ ಕೊನೆಯವರು

“ಇನ್ನೊಂದ್ಸಲ ಓಡಿಸು,” ಎಂದ ಶಶಿಧರ್.

“ಓಡಿಸ್ದೆ ಸರ್. ಅದೇ ಉತ್ತರ ಬತ್ತದೆ.”

ಚಂದನ ಅವನ ಸಂಶೋಧನಾ ವಿದ್ಯಾರ್ಥಿನಿ. ನಾಲೆಯ ಕೊನೆಯ ಬೆಳಕವಾಡಿ ಕಡೆಯ ರೈತರ ಮನೆ ಹುಡುಗಿ. ಮದ್ದೂರಿನ ಈ ಕಾಲೇಜಿನಲ್ಲಿ ಶಶಿಧರ್ ವರ್ಷಗಟ್ಟಲೆ ಒಂದೇ ಲೆಕ್ಕದ ಬೆನ್ನು ಹತ್ತಿದ್ದ: ಯಾವ ತೂಬನ್ನು ಯಾವಾಗ ತೆರೆದರೆ ನಾಲೆಯ ನೀರು ಕೊನೆಯ ಗದ್ದೆಗೂ ತಲುಪೀತು? ಮಾಮೂಲಿ ಕಂಪ್ಯೂಟರಿಗೆ ಒಂದು ಆಯುಷ್ಯ ಸಾಲದು, ಕ್ವಾಂಟಮ್ ಕಂಪ್ಯೂಟರ್ ಬಂದರೆ ಕ್ಷಣದ ಕೆಲಸ ಎಂದು ಅವನು ವಾದಿಸಿದ್ದ. ಆ ಮಾತನ್ನು ನಂಬಿಯೇ ಆಡಳಿತ ಮಂಡಳಿ ಕಾಲೇಜಿನಲ್ಲಿ ಕ್ವಾಂಟಮ್ ಸಂಶೋಧನಾ ಕೇಂದ್ರ ಕಟ್ಟಿಸಿತ್ತು; ಇವತ್ತು ಮಧ್ಯಾಹ್ನ ಅದರ ಉದ್ಘಾಟನೆ.

ಈಗ ಚಂದನ ಬೇರೊಂದು ದಾರಿ ಹಿಡಿದು, ಲ್ಯಾಬಿನ ಹಳೇ ಕಂಪ್ಯೂಟರಿನಲ್ಲೇ ಲೆಕ್ಕ ಮುಗಿಸಿದ್ದಳು.

ಅವನು ತಪ್ಪು ಹುಡುಕಿದ. ಸಿಗಲಿಲ್ಲ.

“ಒಳ್ಳೇದೇ ಆಯ್ತಲ್ವ ಸರ್? ಈ ಬೆಳೆಗೇ ಕೊಡಬೋದು. ನಮ್ಮಪ್ಪಂಗೆ ಯೋಳಿದ್ರೆ ಕುಣಿದಾಡ್ಬುಡ್ತಾರೆ.”

“ಯಾರಿಗೂ ಹೇಳಬೇಡ. ಇವತ್ತು ಬೇಡ.”

“ಯಾವತ್ತು ಸರ್?”

ಅವನು ಕನ್ನಡಕ ಒರೆಸಿಕೊಂಡ.

ಸಭಾಂಗಣದ ಬಾಗಿಲಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ನಾಗರಾಜು ಅವನ ಹೆಗಲ ಮೇಲೆ ಕೈ ಹಾಕಿದರು. “ಮೇಷ್ಟ್ರೆ, ಗಣಿತ ಗಿಣಿತ ಬ್ಯಾಡ. ನೀರು ಬತ್ತದೆ ಅಂತ ಯೋಳಿ, ಸಾಕು.”

ಕ್ವಾಂಟಮ್ ಕಂಪ್ಯೂಟರ್ ಬಂದರಷ್ಟೇ ಕೊನೆಯ ಗದ್ದೆಗೆ ನೀರು ಎಂದು ಶಶಿಧರ್ ರೈತರಿಗೆ ಹೇಳಿದ. ಪರದೆಯ ಮೇಲಿನ ಚಿತ್ರ ಕಾಣಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಸುಳ್ಳು ಇಷ್ಟು ಸಲೀಸಾಗಿ ಹೊರಡುವುದನ್ನು ಕೇಳಿ ಅವನಿಗೇ ಹೇಸಿಗೆಯಾಯಿತು. ಆದರೂ ನಾಲಿಗೆ ನಿಲ್ಲಲಿಲ್ಲ. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. ಮಳವಳ್ಳಿ ಕಡೆಯ ರೈತ ಕೆಂಪಯ್ಯ.

“ಆ ಮಿಸಿನ್ನು ಯಾವಾಗ ಬತ್ತದೆ ಸಾಮಿ?”

“ಹತ್ತು ವರ್ಷ ಆಗಬಹುದು.”

“ಅಲ್ಲೀಗಂಟ ಬ್ಯಾರೆ ದಾರಿ ಇಲ್ವ?”

ಶಶಿಧರ್ ನೀರು ಕುಡಿದ. “ಇಲ್ಲ.”

“ಆಗ್ಲಿ, ಕಾಯ್ತೀವಿ ಬುಡಿ.” ಕೆಂಪಯ್ಯ ಕೈಮುಗಿದು ಕೂತ.

ಹಿಂದಿನ ಸಾಲಿನಲ್ಲಿ ಚಂದನ ಎದ್ದು ನಿಂತಿದ್ದಳು. “ದಾರಿ ಅದೆ,” ಎಂದಳು.

ಕರೆಂಟು ಹೋಯಿತು.

ಗದ್ದಲ. ಅದರೊಳಗೆ ಅವಳ ದನಿ ಸುತ್ತಲಿನ ರೈತರಿಗೆ ಹಳೇ ಕಂಪ್ಯೂಟರಿನಲ್ಲೇ ಮುಗಿದ ಲೆಕ್ಕವನ್ನು ಒಂದೇ ಸಮನೆ ಹೇಳುತ್ತಿತ್ತು. ಕುರ್ಚಿಗಳು ಸರಿದವು. ಗದ್ದಲ ಅಡಗಿತು; ಅವಳ ದನಿಯೂ ನಿಂತಿತು. ಶಶಿಧರ್ ಸತ್ತ ಮೈಕಿಗೆ ಬಾಯಿ ಹಚ್ಚಿ, “ದಯವಿಟ್ಟು ಕೂತ್ಕೊಳ್ಳಿ,” ಎಂದ.

ಒಂದೊಂದಾಗಿ ಮೊಬೈಲ್ ಟಾರ್ಚುಗಳು ಹತ್ತಿಕೊಂಡವು. ಎಲ್ಲವೂ ಅವನ ಮುಖದ ಮೇಲೆ. ಬೆಳಕಿನ ಹಿಂದೆ ಯಾರ ಮುಖವೂ ಕಾಣಲಿಲ್ಲ.

ಬೆಳಕುಗಳು ಮೆಲ್ಲಗೆ ಹತ್ತಿರ ಬರತೊಡಗಿದವು.